ಸರ್ಕಾರಿ ಶಾಲೆಯಲ್ಲಿ ಹಸೆ ಚಿತ್ತಾರದ ಶಿಬಿರ ಮಾಡುವುದು ಹೇಗೆ?

ಸರ್ಕಾರಿ ಶಾಲೆಯ ಮಕ್ಕಳಿಗೆ ಚಿತ್ರಕಲಾ ಶಿಬಿರ ಮಾಡೋಣ ಎಂದರೆ ಮೊದಲು ಏಳುವುದು ದುಡ್ಡಿನ ಪ್ರಶ್ನೆ. ಬಣ್ಣ, ಬ್ರಷ್, ಡ್ರಾಯಿಂಗ್ ಶೀಟ್ ಯಾರು ಕೊಡಿಸುತ್ತಾರೆ? ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಇದಕ್ಕೆ ಉತ್ತರ ಊರಲ್ಲೇ ಇದೆ. ದೀವರು ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ, ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೆ ಬರೆಯುವ ಹಸೆ ಚಿತ್ತಾರಕ್ಕೆ ಅಂಗಡಿ ಬಣ್ಣ ಬೇಡ. ಕೆಮ್ಮಣ್ಣು, ಅಕ್ಕಿ, ಹಳದಿ ಬಣ್ಣ ಕೊಡುವ ಗುರಿಗೆ ಕಾಯಿ, ಬ್ರಷ್‌ಗೆ ಪುಂಡಿ ಗಿಡದ ನಾರು ಸಾಕು.

ಮೊದಲು ಚಿತ್ತಾರ ಬರೆಯುವ ಅಜ್ಜಿಯನ್ನೋ ಅಕ್ಕನನ್ನೋ ಹುಡುಕಿ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ)ಯವರನ್ನು ಕೇಳಿದರೆ ಗೊತ್ತಾಗುತ್ತದೆ. ಶಿಬಿರದ ಗುರು ಆ ಅಜ್ಜಿ ಅಥವಾ ಅಕ್ಕನೇ. ಸಂಭಾವನೆ ಮೊದಲೇ ಮಾತಾಡಿ ಕೊಡಿ. 'ಮಕ್ಕಳಿಗೋಸ್ಕರ ಅಲ್ವಾ' ಎಂದು ಅವರ ಒಂದು ದಿನದ ಕೂಲಿ ತಪ್ಪಿಸಬೇಡಿ.

ಶನಿವಾರ ಬೆಳಿಗ್ಗೆ ಅನುಕೂಲ. ನಾಲ್ಕರಿಂದ ಏಳನೇ ತರಗತಿಯ 25 ಮಕ್ಕಳಿದ್ದರೆ ಚೆನ್ನ, ಜಾಸ್ತಿಯಾದರೆ ಎರಡು ತಂಡ ಮಾಡಿ.

ಹಿಂದಿನ ದಿನವೇ ಮಕ್ಕಳನ್ನು ಕೂರಿಸಿಕೊಂಡು ತಯಾರಿ ಶುರು ಮಾಡಿ. ಶಿಬಿರದ ಅರ್ಧ ಖುಷಿ ಇಲ್ಲೇ ಇದೆ. ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ನುಣುಪು ಕೆಸರನ್ನು ಬಟ್ಟೆಯಲ್ಲಿ ಸೋಸಿ. ಅಂಗಡಿಯಿಂದ ತಂದ ಹಳೇ ರಟ್ಟಿನ ಡಬ್ಬಿ ಬಿಡಿಸಿ, ಅದರ ಮೇಲೆ ಈ ಕೆಸರನ್ನು ಎರಡು ಸಲ ಬಳಿದು ಒಣಗಿಸಿ. ಬಿಳಿಗೆ ಅಕ್ಕಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ. ಕಪ್ಪಿಗೆ ಅಕ್ಕಿಯನ್ನು ಕರಿಯಾಗುವವರೆಗೆ ಹುರಿದು ಅರೆಯಿರಿ. ಒಲೆ ಕೆಲಸ ಮಾತ್ರ ದೊಡ್ಡವರದು. ಹಳದಿ ಬರುವುದು ಗುರಿಗೆಯಿಂದ. ಅದು ಸಿಗದಿದ್ದರೆ ಅರಿಶಿನ ನಡೆಯುತ್ತದೆ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಪುಂಡಿ ನಾರಿನ ತುದಿ ಜಜ್ಜಿದರೆ ಬ್ರಷ್ ಆಯಿತು. ಇಲ್ಲವಾದರೆ ಗೋಣಿಚೀಲದ ನಾರನ್ನು ಕಡ್ಡಿಗೆ ಕಟ್ಟಿ.

ಬರೆಯಲು ಕೂತಾಗ ಒಂದು ವಿಷಯ ಮೊದಲೇ ಹೇಳಿ. ಅಕ್ಕಿಹಿಟ್ಟಿನ ಎಳೆ ಹಸಿಯಿದ್ದಾಗ ಕಣ್ಣಿಗೆ ಕಾಣುವುದೇ ಇಲ್ಲ. ಬಣ್ಣ ಹತ್ತಲಿಲ್ಲ ಎಂದು ಮಕ್ಕಳು ಅದರ ಮೇಲೇ ಮತ್ತೆ ಮತ್ತೆ ಎಳೆಯುತ್ತಾರೆ. ಹಾಗೆ ದಪ್ಪಗಾದದ್ದು ಒಣಗಿ ಉದುರುತ್ತದೆ. ಕಾಯಲು ಹೇಳಿ. ಹತ್ತು ನಿಮಿಷದಲ್ಲಿ ಕೆಂಪಿನ ಮೇಲೆ ಬಿಳಿ ಎದ್ದು ಕಾಣುತ್ತದೆ, ಮಕ್ಕಳ ಮುಖ ಆಗ ನೋಡಬೇಕು.

ಮೊದಲು ನೇರ ಎಳೆ, ಆಮೇಲೆ ಅಡ್ಡ ಎಳೆ, ಚೌಕ. ಕೈ ಕೂತ ಮೇಲೆ ಅವರಿಗೆ ಬೇಕಾದ್ದು ಬರೆಯಲಿ. ಒಬ್ಬಳು ಚೌಕದೊಳಗೆ ಬಸ್ಸು ಬರೆದರೆ ಬರೆಯಲಿ ಬಿಡಿ. ಬೋರ್ಡ್ ಮೇಲೆ ಚಿತ್ರ ಹಾಕಿ 'ಹೀಗೇ ಬರಬೇಕು' ಎನ್ನಬೇಡಿ. ಮೊದಲ ಬಹುಮಾನ, ಎರಡನೇ ಬಹುಮಾನವೂ ಬೇಡ.

ಪ್ರತಿ ರಟ್ಟಿನ ಮೇಲೆ ಮಗುವಿನ ಹೆಸರು ಇರಲಿ. ದಾನ ಕೊಟ್ಟವರನ್ನು ನಡುವೆ ನಿಲ್ಲಿಸಿ ಮಕ್ಕಳನ್ನು ಸುತ್ತ ಜೋಡಿಸುವ ಫೋಟೊ ದಯವಿಟ್ಟು ತೆಗೆಯಬೇಡಿ. ಚಿತ್ರಗಳನ್ನು ಪೋಷಕರ ಸಭೆಯವರೆಗೆ ಶಾಲೆಯಲ್ಲಿ ತೂಗುಹಾಕಿ, ಆಮೇಲೆ ಮನೆಗೆ ಕಳಿಸಿ. ಉಳಿದ ಅಕ್ಕಿಹಿಟ್ಟು ಮರುದಿನಕ್ಕೆ ಹುಳಿ ಬರುತ್ತದೆ, ಚೆಲ್ಲಿಬಿಡಿ. ಕೆಮ್ಮಣ್ಣು ಒಣಗಿಸಿ ಡಬ್ಬಿಗೆ ತುಂಬಿಟ್ಟರೆ ಮುಂದಿನ ಶಿಬಿರಕ್ಕೂ ಆಗುತ್ತದೆ.