ನಮ್ಮ ಟಿಟಿಯ ಕುಡಿಯೋ ನೀರಿನ ಕಥೆ

ನಮ್ಮದು ಸೆಕೆಂಡ್ ಹ್ಯಾಂಡ್ ಟೆಂಪೋ ಟ್ರಾವೆಲರ್, ನಾವು ಕರೆಯುವುದು ಟಿಟಿ ಅಂತ. ಸೀಟೆಲ್ಲ ಬಿಚ್ಚಿಸಿ ಒಳಗೆ ಎರಡು ಮಂಚ, ಒಂದು ಪುಟ್ಟ ಅಡುಗೆಕಟ್ಟೆ, ಸಿಂಕು, ಮೂಲೆಯಲ್ಲಿ ಟಾಯ್ಲೆಟ್ ಮಾಡಿಸಿದ್ದೇವೆ. ಹಿಂದಿನ ಮಂಚದ ಕೆಳಗೆ 90 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು, ಅದರ ಪಕ್ಕ 12 ವೋಲ್ಟಿನ ಪಂಪು. ನಲ್ಲಿ ತಿರುಗಿಸಿದರೆ ಪಂಪು ಗುರ್ ಅನ್ನುತ್ತೆ, ನೀರು ಬರುತ್ತೆ. ಮೊದಲ ದಿನ ಇದನ್ನು ನೋಡಿ ನಮ್ಮತ್ತೆಗೆ ಭಾರಿ ಖುಷಿ. "ಬಸ್ಸಲ್ಲೇ ನಲ್ಲಿ ನೀರು ನೋಡಮ್ಮ" ಅಂತ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದರು.

ಆ ನಲ್ಲಿಯ ನೀರೇ ನಮ್ಮನ್ನು ಮಲಗಿಸಿತು.

ದಸರಾ ರಜೆಗೆ ಶಿವಮೊಗ್ಗದಿಂದ ಬಾದಾಮಿ, ಪಟ್ಟದಕಲ್ಲು, ಐಹೊಳೆ ಕಡೆ ಹೊರಟಿದ್ದೆವು. ಟ್ಯಾಂಕಿಗೆ ಮನೆಯ ನೀರನ್ನೇ ತುಂಬಿಸಿಕೊಂಡಿದ್ದೆವು. ಹೋಗುವ ಮುಂಚೆ ನಮ್ಮವರು ಟಿಡಿಎಸ್ ಮೀಟರ್ ಅದ್ದಿ ನೋಡಿ, "180 ಇದೆ ಕಣೇ, ಫಸ್ಟ್ ಕ್ಲಾಸ್ ನೀರು" ಅಂದಿದ್ದರು. ಮೂರನೇ ದಿನ ಐಹೊಳೆಯಲ್ಲಿ ಮಗನಿಗೆ ವಾಂತಿ, ಸಂಜೆಗೆ ನನಗೂ ಹೊಟ್ಟೆ ಕೆಟ್ಟಿತು. ಮೊದಲು ಬೈಸಿಕೊಂಡಿದ್ದು ಹಿಂದಿನ ದಿನ ತಿಂದ ಗಿರ್ಮಿಟ್ಟು. ಪಾಪ, ಅದರ ತಪ್ಪೇನೂ ಇರಲಿಲ್ಲ. ಅತ್ತೆ ಗಿರ್ಮಿಟ್ಟನ್ನು ಎರಡು ಪ್ಲೇಟ್ ತಿಂದೂ ಗಟ್ಟಿಮುಟ್ಟಾಗಿದ್ದರು. ಅವರು ಕುಡಿಯುತ್ತಿದ್ದದ್ದು ಮನೆಯಿಂದ ತಂದ ಸ್ಟೀಲ್ ಕ್ಯಾನಿನ ಕಾಯಿಸಿದ ನೀರು ಮಾತ್ರ.

ಊರಿಗೆ ಬಂದ ಮೇಲೆ ಡಾಕ್ಟರು ನಮ್ಮವರ ಮೀಟರ್ ಕಥೆ ಕೇಳಿ ನಕ್ಕರು. ಆ ಮೀಟರ್ ಹೇಳುವುದು ನೀರಲ್ಲಿ ಉಪ್ಪು, ಖನಿಜ ಎಷ್ಟು ಕರಗಿದೆ ಅಂತ ಅಷ್ಟೇ. ಬ್ಯಾಕ್ಟೀರಿಯಾ ಅದಕ್ಕೆ ಕಾಣಿಸುವುದೇ ಇಲ್ಲ. ಚರಂಡಿ ನೀರು ಒಂದು ಚೊಂಬು ಬೆರೆತರೂ ಅದು ಹೆಚ್ಚುಕಮ್ಮಿ ಅದೇ ನಂಬರ್ ತೋರಿಸಬಹುದು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಟಿಡಿಎಸ್ ಲೀಟರಿಗೆ 500 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದರೆ 2000ದವರೆಗೂ ಸರಿ ಅಂತಿದೆ. ಅದು ರುಚಿಯ, ಗಡಸಿನ ಮಾತು. ಹೊಟ್ಟೆ ಕೆಡುತ್ತೋ ಇಲ್ಲವೋ ಅನ್ನುವುದು ಬೇರೆಯೇ ಲೆಕ್ಕ.

ಆಗ ಒಂದು ಪರೀಕ್ಷೆ ಗೊತ್ತಾಯಿತು. ಹಳ್ಳಿಗಳಲ್ಲಿ ಪಂಚಾಯಿತಿಯವರು ಮಾಡುವ ಎಚ್‌ಟುಎಸ್ ಬಾಟಲಿ. ಒಳಗೆ ರಾಸಾಯನಿಕ ಹಾಕಿಯೇ ಬರುವ ಚಿಕ್ಕ ಬಾಟಲಿಯಲ್ಲಿ ಗುರುತಿನವರೆಗೆ ನೀರು ತುಂಬಿ, ಮುಚ್ಚಳ ಹಾಕಿ, ಬೆಚ್ಚಗಿರುವ ಕಡೆ ಒಂದೆರಡು ದಿನ ಇಡಬೇಕು. ಮಲದ ಕೊಳೆ ಸೇರಿದ್ದರೆ ನೀರು ಕಪ್ಪಾಗುತ್ತೆ. ನಾನು ಎರಡು ಬಾಟಲಿ ತುಂಬಿಸಿದೆ. ಒಂದಕ್ಕೆ ಮನೆ ನಲ್ಲಿಯದು, ಇನ್ನೊಂದಕ್ಕೆ ಟಿಟಿಯ ಸಿಂಕಿನದು. ಅಡುಗೆಮನೆ ಶೆಲ್ಫಿನಲ್ಲಿ ಅಕ್ಕಪಕ್ಕ ಇಟ್ಟೆ. ಮಾರನೇ ದಿನ ಬೆಳಗ್ಗೆ ಮನೆಯದು ಹಾಗೇ ಇತ್ತು. ಟಿಟಿಯದು ಇದ್ದಿಲು ಕಲಸಿದ ಹಾಗೆ ಕಪ್ಪು.

ಅಂದರೆ ನೀರು ಚೆನ್ನಾಗಿಯೇ ಇತ್ತು. ಹಾಳು ಮಾಡಿದ್ದು ನಮ್ಮ ಟ್ಯಾಂಕು, ನಮ್ಮ ಪೈಪು.

ಅತ್ತೆ ಬಾಟಲಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಟ್ಯಾಂಕು ತೊಳೆದು ಎಷ್ಟು ದಿನ ಆಯ್ತಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಇವತ್ತಿಗೂ ದಿನಾ ಬೆಳಗ್ಗೆ ನಿನ್ನೆಯ ನೀರನ್ನು ಗಿಡಕ್ಕೆ ಸುರಿದು, ಹುಣಸೆಹಣ್ಣು ಹಾಕಿ ಬಿಂದಿಗೆ ಉಜ್ಜಿ, ಆಮೇಲೇ ಹೊಸ ನೀರು ತುಂಬುವವರು. ನಾವೋ, ಟಿಟಿ ಮಾಡಿಸಿದಾಗಿನಿಂದ ಐದು ತಿಂಗಳು ಅದೇ ಟ್ಯಾಂಕಿಗೆ ನೀರಿನ ಮೇಲೆ ನೀರು ತುಂಬುತ್ತಾ ಇದ್ದೆವು. ಕಣ್ಣಿಗೆ ಕಾಣದ್ದು ನೆನಪಿಗೂ ಬರಲ್ಲ ಅಲ್ವಾ.

ಟ್ಯಾಂಕಿನ ಬಾಯಿ ನಾಲ್ಕೇ ಇಂಚು. ಕೈ ಹಾಕಿ ಉಜ್ಜಲು ಆಗದು. ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಕಿಟಕಿಯ ಕಡೆಯ ಗೋಡೆಗೆ ತೆಳ್ಳಗೆ ಹಸಿರು ಪಾಚಿ. ಟ್ಯಾಂಕು ಬಿಳಿ, ಅರೆಪಾರದರ್ಶಕ. ಬೆಳಕು ಬೀಳುವ ಕಡೆಯಲ್ಲೇ ಪಾಚಿ ಹಿಡಿದಿತ್ತು. ಬೇರೆಯವರಿಗೆ ನಾನು ಮೊದಲು ಹೇಳುವುದೇ ಇದು: ಕೈ ಭುಜದವರೆಗೆ ಹೋಗುವಷ್ಟು ದೊಡ್ಡ ಬಾಯಿಯ ಟ್ಯಾಂಕು ಹಾಕಿಸಿ, ಬೆಳಕು ಬೀಳದ ಹಾಗೆ ಮುಚ್ಚಿಸಿ. ನಾವು ಆಮೇಲೆ ಸ್ಟೇನ್‌ಲೆಸ್ ಸ್ಟೀಲಿನದು ಮಾಡಿಸಿದೆವು. ಖರ್ಚು ಜಾಸ್ತಿಯೇ ಆಯಿತು.

ತೊಳೆಯುವ ಕೆಲಸ ಮೊದಲ ಸಲ ಒಂದು ಇಡೀ ಭಾನುವಾರ ತಿಂದಿತು. ನೀರೆಲ್ಲ ಖಾಲಿ ಮಾಡಿದೆವು. ಉದ್ದ ಹಿಡಿಯ ಬ್ರಷ್‌ನಿಂದ ಒಳಗೋಡೆ ಉಜ್ಜಿದೆವು. ನಲ್ಲಿಗಳ ಮೂತಿಯ ಜಾಲರಿ ಬಿಚ್ಚಿ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ನೆನೆಸಿದೆವು, ಗಡಸು ನೀರಿನ ಬಿಳಿ ಪದರ ಬಿಡಲು. ಅವನ್ನು ಚೆನ್ನಾಗಿ ತೊಳೆದು, ಹುಳಿ ಪೂರ್ತಿ ಹೋದ ಮೇಲೆಯೇ ಬ್ಲೀಚ್ ಮುಟ್ಟಿದ್ದು. ಬ್ಲೀಚಿಗೆ ನಿಂಬೆ ಉಪ್ಪು, ವಿನೆಗರ್, ಟಾಯ್ಲೆಟ್ ಕ್ಲೀನರ್ ಯಾವುದು ಸೇರಿದರೂ ಕ್ಲೋರಿನ್ ಗ್ಯಾಸ್ ಏಳುತ್ತೆ. ಟಿಟಿಯಂಥ ಇಕ್ಕಟ್ಟಿನಲ್ಲಿ ಅದು ತಮಾಷೆಯಲ್ಲ. ಬಾಗಿಲು ಕಿಟಕಿ ಎಲ್ಲ ತೆರೆದೇ ಕೆಲಸ ಮಾಡಿದೆವು.

ಬ್ಲೀಚಿನ ಲೆಕ್ಕ ಸುಲಭ. ಬಣ್ಣ, ಸುವಾಸನೆ, ಸೋಪು ಏನೂ ಬೆರೆಸದ ದ್ರವ ಬ್ಲೀಚ್, 5 ಪರ್ಸೆಂಟ್‌ನದ್ದು. ಪ್ರತಿ ಲೀಟರ್ ನೀರಿಗೆ ಒಂದು ಮಿ.ಲೀ. ಹಾಕಿದರೆ ಲೀಟರಿಗೆ 50 ಮಿ.ಗ್ರಾಂ ಕ್ಲೋರಿನ್ ಆಗುತ್ತೆ. ನಮ್ಮ 90 ಲೀಟರಿಗೆ 90 ಮಿ.ಲೀ. ಬಾಟಲಿ ಹೊಸದಿರಲಿ, ಹಳೆಯದಾದಷ್ಟೂ ಅದರ ಕಸುವು ಇಳಿಯುತ್ತೆ. ಟ್ಯಾಂಕು ತುಂಬಿಸಿ, ಪ್ರತಿ ನಲ್ಲಿಯನ್ನೂ ಬ್ಲೀಚ್ ವಾಸನೆ ಬರುವವರೆಗೆ ಬಿಟ್ಟು, ಮುಚ್ಚಿ, ನಾಲ್ಕು ಗಂಟೆ ಹಾಗೇ ಇಟ್ಟೆವು. ಫಿಲ್ಟರಿನ ಕಾರ್ಬನ್ ಕ್ಯಾಂಡಲ್ ಅನ್ನು ಮೊದಲೇ ತೆಗೆದಿಟ್ಟಿದ್ದೆವು. ಇಲ್ಲದಿದ್ದರೆ ಅದು ಕ್ಲೋರಿನ್ ಎಲ್ಲ ನುಂಗಿಹಾಕುತ್ತೆ, ಮುಂದಿನ ಪೈಪಿಗೆ ಏನೂ ತಲುಪಲ್ಲ. ಆಮೇಲೆ ಖಾಲಿ ಮಾಡಿ, ವಾಸನೆ ಹೋಗುವವರೆಗೆ ಎರಡು ಸಲ ತುಂಬಿ ಚೆಲ್ಲಿದೆವು.

ಎರಡು ವಾರ ಬಿಟ್ಟು ಮತ್ತೆ ಬಾಟಲಿ ಪರೀಕ್ಷೆ. ಮತ್ತೆ ಕಪ್ಪು!

ನಮ್ಮವರು ತಲೆ ಕೆರೆದುಕೊಂಡು ಪೈಪಿನ ದಾರಿ ಹಿಡಿದು ತೆವಳಿದರು. ಹಿಂಬಾಗಿಲ ಹತ್ತಿರ ಹೊರಗಡೆ ಕಾಲು ತೊಳೆಯೋಕೆ ಅಂತ ಒಂದು ಶವರ್ ಇಡಿಸಿದ್ದೆವು. ಶೋಕಿಗೆ ಇಡಿಸಿದ್ದು, ಒಂದೇ ಒಂದು ಸಲವೂ ಬಳಸಿರಲಿಲ್ಲ. ಬ್ಲೀಚ್ ಹಾಕಿದ ದಿನ ಅದನ್ನು ತೆರೆಯುವುದನ್ನೂ ಮರೆತಿದ್ದೆವು. ಅದಕ್ಕೆ ಹೋಗುವ ಮೂರಡಿ ಪೈಪಿನಲ್ಲಿ ನೀರು ತಿಂಗಳುಗಟ್ಟಲೆ ನಿಂತೇ ಇತ್ತು. ಪೈಪು ಕತ್ತರಿಸಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಒಳಗೆ ಲೋಳೆಸರದ ತಿರುಳಿನಂಥ ಲೋಳೆ, ಬೂದು ಬಣ್ಣದ್ದು. ಬೆರಳಿಟ್ಟರೆ ಜಾರುತ್ತೆ, ಉಜ್ಜಿದರೆ ಸುರುಳಿಯಾಗಿ ಏಳುತ್ತೆ. ವಾಸನೆ ಮುಚ್ಚಿಟ್ಟ ಒದ್ದೆ ಬಟ್ಟೆಯದು. ಬ್ಯಾಕ್ಟೀರಿಯಾಗಳು ಮನೆ ಕಟ್ಟಿಕೊಳ್ಳುವುದು ಹೀಗೆ. ಲೋಳೆಯ ಮೇಲ್ಪದರಕ್ಕೆ ಕ್ಲೋರಿನ್ ತಾಗಿದರೂ ಒಳಗಿನವು ಬದುಕುತ್ತವೆ, ಪಂಪು ಓಡಿದಾಗಲೆಲ್ಲ ಒಂದಷ್ಟು ಕಳಚಿ ನೀರಿಗೆ ಬರುತ್ತವೆ. ಆ ಕವಲನ್ನು ಬುಡದಲ್ಲೇ ಕತ್ತರಿಸಿ ಎಂಡ್ ಕ್ಯಾಪ್ ಹಾಕಿದೆವು, ಉಳಿದ ಪೈಪನ್ನೂ ಹೊಸದು ಮಾಡಿದೆವು. ಇನ್ನೊಮ್ಮೆ ಬ್ಲೀಚ್ ಮಾಡಿ ನೋಡಿದಾಗ ಬಾಟಲಿ ಮೂರು ದಿನವಾದರೂ ಕಪ್ಪಾಗಲಿಲ್ಲ.

ಈಗ ಮೂರು ತಿಂಗಳಿಗೊಮ್ಮೆ ಬ್ಲೀಚ್, ಮಳೆಗಾಲ ಮುಗಿದು ಟಿಟಿ ಹೊರಗೆ ತೆಗೆಯುವಾಗ ತಪ್ಪದೇ ಒಮ್ಮೆ. ನಿಲ್ಲಿಸಿಡುವಾಗ ಟ್ಯಾಂಕು, ಪೈಪು ಪೂರ್ತಿ ಖಾಲಿ, ನಲ್ಲಿಗಳೆಲ್ಲ ತೆರೆದೇ. ಟ್ಯಾಂಕಿಗೆ ಗಾಳಿಯಾಡುವ ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿದ್ದೇವೆ. ಒಂದು ಸಲ ಅದರೊಳಗೆ ಇರುವೆ ಸಾಲು ಹೋಗಿದ್ದು ನೋಡಿದ ಮೇಲೆ ಬಂದ ಬುದ್ಧಿ.

ದಾರಿಯಲ್ಲಿ ನೀರು ತುಂಬಿಸುವುದು ಬೇರೆ ಕಥೆ. ಪೆಟ್ರೋಲ್ ಬಂಕಿನಲ್ಲಿ ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ಆದರೆ ಅವರ ಪೈಪಿನ ತುದಿ ಸಾಮಾನ್ಯವಾಗಿ ಬಿದ್ದಿರುವುದು ಕೆಸರಲ್ಲಿ. ಹಾಗಾಗಿ ನಮ್ಮದೇ ಹತ್ತು ಮೀಟರ್ ಫುಡ್ ಗ್ರೇಡ್ ಪೈಪು. ಎರಡೂ ತುದಿ ಜೋಡಿಸಿ ಮುಚ್ಚಿ, ಬಟ್ಟೆ ಚೀಲದಲ್ಲಿ ಮಂಚದ ಕೆಳಗೆ. ಟಾಯ್ಲೆಟ್ ತೊಳೆಯುವ ಪೈಪು ಹಳದಿ, ಅದು ಹಿಂದಿನ ಡಬ್ಬಿಯಲ್ಲಿ. ಎರಡೂ ಭೇಟಿಯಾಗಲೇಬಾರದು.

ಊರವರನ್ನು "ನೀರು ಚೆನ್ನಾಗಿದೆಯಾ?" ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. "ಇದು ಬಳಸೋ ನೀರಾ, ಕುಡಿಯೋ ನೀರಾ?" ಅಂತ ಕೇಳಿ. ನಮ್ಮ ಹಳ್ಳಿಗಳಲ್ಲಿ ಆ ವ್ಯತ್ಯಾಸ ಎಲ್ಲರಿಗೂ ಗೊತ್ತು. ವಿಜಯಪುರದ ಕಡೆ ಒಬ್ಬ ಅಜ್ಜಿ, "ಇದು ಸವಳು ನೀರವ್ವ, ದನಕ್ಕ ಕುಡಸ್ತೀವಿ, ಸಿಹಿನೀರು ಗುಡಿ ಹಂತೇಕ ಅದ" ಅಂತ ದಾರಿ ತೋರಿಸಿದ್ದರು. ತುಂಬುವ ಮುಂಚೆ ಒಂದು ನಿಮಿಷ ಸುಮ್ನೆ ಹರಿಯಲು ಬಿಟ್ಟು, ಸ್ಟೀಲ್ ಲೋಟದಲ್ಲಿ ಹಿಡಿದು ಮೂಸಿ ನೋಡುತ್ತೇನೆ. ಕೆಂಪಗೆ ಮಸುಕಾಗಿದ್ದರೆ ತುಂಬಿಸುವುದೇ ಇಲ್ಲ. ಮಣ್ಣಿನ ನೀರಲ್ಲಿ ಕ್ಲೋರಿನ್ ಮಣ್ಣಿಗೇ ಖರ್ಚಾಗಿಬಿಡುತ್ತೆ.

ತುಂಬಿದ ಕೂಡಲೇ ಕ್ಲೋರಿನ್ ಮಾತ್ರೆ. ನಾವು ತರುವುದು ಒಂದಕ್ಕೆ 20 ಲೀಟರ್ ಅಂತ ಬರೆದದ್ದು. ಅರ್ಧ ಗಂಟೆ ಬಿಟ್ಟು ಕ್ಲೋರಿನ್ ಅಳೆಯುವ ಬಣ್ಣದ ಪಟ್ಟಿ ಅದ್ದಿದರೆ ಲೀಟರಿಗೆ 0.5 ಮಿ.ಗ್ರಾಂ ಆದರೂ ಕಾಣಬೇಕು. ಮಾರನೇ ದಿನ ನಲ್ಲಿಯಲ್ಲಿ 0.2ಕ್ಕಿಂತ ಕೆಳಗೆ ಇಳಿದಿದ್ದರೆ ಮತ್ತೊಂದು ಮಾತ್ರೆ. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ಟ್ಯಾಂಕಿನ ನೀರು ಸ್ನಾನಕ್ಕೆ ಆಗುವಷ್ಟು ಬಿಸಿಯಾಗಿತ್ತು. ಆ ಶಾಖಕ್ಕೆ ಬೆಳಗ್ಗೆ ಹಾಕಿದ ಕ್ಲೋರಿನ್ ಸಂಜೆಗೆ ಇರಲಿಲ್ಲ.

ಕ್ಲೋರಿನ್ ವಾಸನೆ ನನ್ನ ಮಗನಿಗೆ ಆಗಲ್ಲ. ಅದಕ್ಕೆ ಸಿಂಕಿನ ಪಕ್ಕ ಕುಡಿಯೋಕೆ ಅಂತಲೇ ಬೇರೆ ಪುಟ್ಟ ನಲ್ಲಿ, ಅದರ ಹಿಂದೆ ಕಾರ್ಬನ್ ಮತ್ತು ಯುಎಫ್ (ಬ್ಯಾಕ್ಟೀರಿಯಾ ಸೋಸುವ ಅತಿ ಸಣ್ಣ ರಂಧ್ರಗಳ) ಫಿಲ್ಟರ್. ಮೊದಲು ನಾವು ಕಾರ್ಬನ್ನನ್ನು ಟ್ಯಾಂಕಿನ ಒಳಬಾಯಿಗೇ ಇಟ್ಟಿದ್ದೆವು. ಅದು ಶುದ್ಧ ದಡ್ಡತನ. ಪಟ್ಟಣದ ನೀರಲ್ಲಿ ಬರುವ ಕ್ಲೋರಿನ್ನನ್ನೂ ಕಿತ್ತುಹಾಕಿ, ಕಾವಲಿಲ್ಲದ ನೀರನ್ನು ಟ್ಯಾಂಕಿಗೆ ಕಳಿಸುತ್ತಿದ್ದೆವು. ಟ್ಯಾಂಕಿನಲ್ಲಿ ಕ್ಲೋರಿನ್ ಇರಬೇಕು, ಲೋಟಕ್ಕೆ ಬರುವಾಗ ಹೋಗಬೇಕು. ಕ್ಯಾಂಡಲ್ ಆರು ತಿಂಗಳಿಗೆ ಬದಲು. ಬಳಸದೇ ಬಿಟ್ಟ ಕಾರ್ಬನ್ನೂ ಬ್ಯಾಕ್ಟೀರಿಯಾಗಳ ಗೂಡೇ.

ಅತ್ತೆಗೆ ಮಾತ್ರ ಇವತ್ತಿಗೂ ಕಾಯಿಸಿದ ನೀರೇ ಬೇಕು. ನನಗೂ ತಕರಾರಿಲ್ಲ. ಗುಳ್ಳೆ ಉಕ್ಕಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಕ್ಲೋರಿನ್‌ಗೆ ಜಗ್ಗದ ಕೆಲವು ಪರಾವಲಂಬಿ ಜೀವಿಗಳೂ ಕುದಿತಕ್ಕೆ ಸಾಯುತ್ತವೆ. ತಾಮ್ರದ ಬಿಂದಿಗೆಯೂ ಒಮ್ಮೆ ಜೊತೆಗೆ ಬಂದಿತ್ತು. ತಾಮ್ರದಲ್ಲಿ ರಾತ್ರಿಯಿಡೀ ಇಟ್ಟರೆ ಕೆಲವು ಬ್ಯಾಕ್ಟೀರಿಯಾ ಸಾಯುವುದು ನಿಜ. ಆದರೆ ಚಾರ್ಮಾಡಿಯ ತಿರುವುಗಳಲ್ಲಿ ಅದು ಉರುಳಿ ಹಾಸಿಗೆಯೆಲ್ಲ ತೊಯ್ದ ಮೇಲೆ ಮನೆಯಲ್ಲೇ ಉಳಿಯಿತು.

ಕಾಯಿಸುವುದೂ ಕೈಕೊಡುವ ಜಾಗಗಳಿವೆ. ಪಾವಗಡದಲ್ಲಿ ನೆಂಟರ ಮದುವೆಗೆ ಹೋದಾಗ ಬೋರ್‌ವೆಲ್ ನೀರನ್ನು ನಾವು ಟ್ಯಾಂಕಿಗೆ ತುಂಬಿದ್ದು ಪಾತ್ರೆ ತೊಳೆಯಲು ಮಾತ್ರ. ಆ ಕಡೆಯ ತೊಂದರೆ ಫ್ಲೋರೈಡ್. ಲೀಟರಿಗೆ 1.5 ಮಿ.ಗ್ರಾಂ ಮೀರಬಾರದು. ಕ್ಲೋರಿನ್, ಯುಎಫ್ ಯಾವುದೂ ಅದನ್ನು ತೆಗೆಯಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತೆ. ಅಲ್ಲಿ ಕುಡಿಯೋಕೆ ಊರಿನ ಶುದ್ಧ ನೀರಿನ ಘಟಕವೇ ಗತಿ, ಕಾಯಿನ್ ಹಾಕಿ 20 ಲೀಟರ್ ಕ್ಯಾನು ತುಂಬಿಸುವುದು. ನಮ್ಮದೇ ಕ್ಯಾನು, ತುಂಬುವ ಮುಂಚೆ ತೊಳೆದು. ಆರ್‌ಓ ನೀರಿಗೂ ಕೊಳಕು ಕ್ಯಾನು ಅಂದರೆ ಕೊಳಕೇ.

ಫ್ರಿಡ್ಜ್ ಬಾಗಿಲಿಗೆ ಒಂದು ಕ್ಯಾಲೆಂಡರ್ ಅಂಟಿಸಿದ್ದೇನೆ. ಬ್ಲೀಚ್ ಮಾಡಿದ ದಿನ, ಕ್ಯಾಂಡಲ್ ಬದಲಿಸಿದ ದಿನ, ಎಲ್ಲಿ ತುಂಬಿಸಿದ್ದು ಎಲ್ಲ ಅದರಲ್ಲಿ. ಹೊರಗಿನ ಶವರಿನ ಜಾಗದಲ್ಲಿ ಈಗ ಒಂದು ಕೊಕ್ಕೆ ಇದೆ. ಅದಕ್ಕೆ ಅತ್ತೆಯ ಹಿತ್ತಾಳೆ ಚೊಂಬು ನೇತುಹಾಕಿದ್ದೇವೆ. ಕಾಲು ತೊಳೆಯುವುದು ಅದರಲ್ಲೇ.