ಎರಡು ಮದ್ದು, ಒಂದು ಪ್ಲೇಟ್

ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರಿಗೆ ರೇಡಿಯೇಷನ್ ಜೊತೆ ಟೆಮೊಜೊಲೊಮೈಡ್ ಎಂಬ ಕೀಮೋ ಮದ್ದು ಕೊಡಬಹುದು ಎಂದು ತೋರಿಸಿದ ದೊಡ್ಡ ಟ್ರಯಲ್ ಬಂದದ್ದು 2005ರಲ್ಲಿ. ಮೀಡಿಯನ್ ಆಯಸ್ಸು (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 12.1ರಿಂದ 14.6 ತಿಂಗಳಿಗೆ ಏರಿತು. ಬರೀ ಎರಡೂವರೆ ತಿಂಗಳು. ಅದಕ್ಕೇ ಇನ್ನೊಂದು ಮದ್ದು ಸೇರಿಸಿ ನೋಡುವ ಆಸೆ ಎಲ್ಲರಿಗೂ. ಮಂಗಳೂರಿನ ನಮ್ಮ ಲ್ಯಾಬ್‌ಗೆ ಬರುವ ಹೊಸಬರಿಗೂ ಅಷ್ಟೇ.

ಮೊದಲು ಬೂಸ್ಟು ನೋಡಿಕೊಳ್ಳಿ. ಆಟಿ ಮಳೆಗೆ ಚಪ್ಪಲಿಗೂ ಬೂಸ್ಟು ಹಿಡಿಯುವ ಊರಿದು. ಇನ್‌ಕ್ಯುಬೇಟರಿನ ನೀರಿನ ಟ್ರೇ ವಾರಕ್ಕೊಮ್ಮೆ ತೊಳೆಯಿರಿ, ಒಳಗೆ ಬೆಳೆಯುವುದು ಜೀವಕೋಶಗಳು.

96 ವೆಲ್‌ಗಳ (ಜೀವಕೋಶ ಹಾಕುವ ಪುಟ್ಟ ಗುಳಿಗಳ) ಪ್ಲೇಟಿನಲ್ಲಿ ಅಂಚಿನವು ಬೇಗ ಒಣಗುತ್ತವೆ. ಅಲ್ಲಿ ಬರೀ ಬಫರ್ ಹಾಕಿ, ಮಧ್ಯದ 60 ಬಳಸಿ. ಸೆಲ್ ಲೈನ್, ಅಂದರೆ ಲ್ಯಾಬಿನಲ್ಲಿ ಬೆಳೆಸುತ್ತಲೇ ಇರುವ ಗಡ್ಡೆಯ ಜೀವಕೋಶಗಳ ತಳಿ, ಒಂದೇ ಸಾಲದು. ಟಿ98ಜಿ ಜೀವಕೋಶಗಳಲ್ಲಿ ಎಂಜಿಎಂಟಿ ಎಂಬ ಡಿಎನ್ಎ ರಿಪೇರಿ ಪ್ರೋಟೀನ್ ಉಂಟು, ಟೆಮೊಜೊಲೊಮೈಡ್‌ಗೆ ಸುಲಭಕ್ಕೆ ಬಗ್ಗುವುದಿಲ್ಲ. ಯು87ರಲ್ಲಿ ಅದು ಇಲ್ಲ. ಎರಡರಲ್ಲೂ ನೋಡಿ. ಮದ್ದು ಕರಗಿಸುವ ದ್ರವ ಡಿಎಂಎಸ್ಒ ಮಾತ್ರ ಹಾಕಿದ ವೆಲ್‌ಗಳನ್ನು ಮರೆಯಬೇಡಿ. ಟೆಮೊಜೊಲೊಮೈಡ್ ನಿಧಾನಕ್ಕೆ ಕೊಲ್ಲುತ್ತದೆ, ಎರಡೇ ದಿನಕ್ಕೆ ಅಳೆದು ಬೇಜಾರಾಗಬೇಡಿ.

ಈಗ ನಾನು ಎಡವಿದ ಜಾಗ. ಒಂದು ಮದ್ದು ಒಂಟಿಯಾಗಿ 100ರಲ್ಲಿ 40 ಜೀವಕೋಶ ಕೊಂದಿತ್ತು, ಇನ್ನೊಂದು 30. ಎರಡೂ ಸೇರಿ 60. ಬದುಕಿದ ಜೀವಕೋಶ ಇದ್ದಲ್ಲಿ ನೇರಳೆಯಾಗುವ ಎಂಟಿಟಿ ಹಾಕಿದ ಪ್ಲೇಟಿನಲ್ಲಿ ಆ ಬಣ್ಣ ತೆಳುವಾದದ್ದು ಕಣ್ಣಿಗೇ ಕಾಣುತ್ತಿತ್ತು. ಖುಷಿಯಲ್ಲಿ ಗೈಡ್ ಹತ್ತಿರ ಓಡಿದೆ. ಅವರು ಟೀ ಲೋಟ ಪಕ್ಕಕ್ಕಿಟ್ಟು ಪೆನ್ನು ತೆಗೆದರು. "ಮೊದಲನೆಯದು 40 ಕೊಂದರೆ ಉಳಿದದ್ದು 60 ಅಲ್ವಾ? ಎರಡನೆಯದು ಅದರಲ್ಲಿ ನೂರಕ್ಕೆ 30, ಅಂದರೆ 18 ಕೊಲ್ಲುತ್ತದೆ. ಒಟ್ಟು 58. ನಿಮಗೆ ಬಂದದ್ದು 60. ಇದರಲ್ಲಿ ಜೊತೆಯ ಬಲ ಎಲ್ಲಿ ಮಾರಾಯ್ರೇ?" ಎರಡೂ ಮದ್ದು ತಮ್ಮ ಪಾಡಿಗೆ ತಾವು ಕೊಂದರೆ ಎಷ್ಟಾಗಬೇಕು ಎಂಬ ಇದಕ್ಕೆ ಬ್ಲಿಸ್ ಲೆಕ್ಕ ಅಂತಾರೆ. ಹಾಗಾಗಿ ಪ್ರತಿ ಡೋಸನ್ನೂ ಒಂಟಿಯಾಗಿ, ಜೊತೆಯಾಗಿ, ಮೂರು ಬೇರೆ ಬೇರೆ ದಿನ ಮಾಡಿ. 58ಕ್ಕಿಂತ ಸ್ಪಷ್ಟವಾಗಿ ಜಾಸ್ತಿ ಬಂದರೆ ಮಾತ್ರ ಬಾಯಿ ಬಿಡಿ.

ಮಿದುಳಿನ ನರಕೋಶಗಳಿಗೆ ಆಸರೆಯಾದ ಆರೋಗ್ಯವಂತ ಆಸ್ಟ್ರೋಸೈಟ್‌ಗಳ ಮೇಲೂ ಅದೇ ಜೋಡಿ ಹಾಕಿ ನೋಡಿ. ಎಲ್ಲವನ್ನೂ ಕೊಲ್ಲುವುದಾದರೆ ಫಿನೈಲೂ ಕೊಲ್ಲುತ್ತದೆ.

ಇನ್ನೊಂದು, ಇದನ್ನು ಮೊದಲೇ ಹೇಳಬೇಕಿತ್ತು. ಎರಡನೇ ಮದ್ದು ರಕ್ತದಿಂದ ಮಿದುಳಿಗೆ ದಾಟುತ್ತದಾ ಎಂದು ಪ್ಲೇಟ್ ಮುಟ್ಟುವ ಮುಂಚೆ ಓದಿಕೊಳ್ಳಿ. ನಾನು ಓದಿದ್ದು ಎಂಟು ತಿಂಗಳು ಕಳೆದ ಮೇಲೆ. ನನ್ನದು ದಾಟುತ್ತಿರಲಿಲ್ಲ.