ಬಳ್ಳಾರಿ ಬಿಸಿಲು, ವ್ಯಾಟ್ ಲೆಕ್ಕ, ನನ್ನ ಗೇಮಿಂಗ್ ಕಂಪ್ಯೂಟರ್

2023ರ ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಹಳೆಯ ಕಂಪ್ಯೂಟರ್ ಸತ್ತುಹೋಯಿತು. ಕರೆಂಟ್ ಹೋಗಿ ಬಂತು, ಮತ್ತೆ ಹೋಗಿ ಬಂತು. ಮೂರನೇ ಸಲ ಬಂದಾಗ ಕ್ಯಾಬಿನೆಟ್ ಹಿಂದೆ ಟಪ್ ಅಂತ ಸದ್ದು, ಆಮೇಲೆ ಸುಟ್ಟ ವಾಸನೆ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿ ಕೊಡುವ ಪವರ್ ಸಪ್ಲೈ ಡಬ್ಬಿ ತಾನು ಹೋಗಿದ್ದಲ್ಲದೆ, ಎಲ್ಲ ಪಾರ್ಟುಗಳು ಕೂರುವ ಮದರ್‌ಬೋರ್ಡನ್ನೂ ಹಾಳು ಮಾಡಿತ್ತು.

ಅದು ಕ್ಯಾಬಿನೆಟ್ ಜೊತೆಗೇ ಬಂದ ಪವರ್ ಸಪ್ಲೈ. ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಕೆಟ್ಟ ಮೇಲೆ ಪಕ್ಕದಲ್ಲಿ ಅಂಟಿಸಿದ್ದ ಸ್ಟಿಕ್ಕರನ್ನು ಮೊದಲ ಸಲ ಸರಿಯಾಗಿ ಓದಿದೆ. 12 ವೋಲ್ಟ್ ಅಂತ ಬರೆದ ಜಾಗದ ಕೆಳಗೆ 14 ಆಂಪಿಯರ್ ಅಂತ ಇತ್ತು. 12 ಇಂಟು 14, ಅಂದರೆ 168 ವ್ಯಾಟ್. ಪ್ರೊಸೆಸರ್, ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಶಕ್ತಿ ಸಿಗುವುದು ಆ 12 ವೋಲ್ಟಿನಿಂದಲೇ. ಉಳಿದ ವ್ಯಾಟ್ ಎಲ್ಲ ಬರೀ ಸ್ಟಿಕ್ಕರಿನ ಮೇಲೆ ಇತ್ತು.

ಹೊಸ ಕಂಪ್ಯೂಟರ್ ಕಟ್ಟುವಾಗ ಆ ಗುಣಾಕಾರ ತಲೆಯಲ್ಲೇ ಉಳಿಯಿತು. ಎಂಟು ತಿಂಗಳು ದುಡ್ಡು ಕೂಡಿಸಿದೆ. ಮಾನಿಟರ್ ಸೇರಿ ಒಂದು ಲಕ್ಷದ ಆಸುಪಾಸು ಅಂತ ಇಟ್ಟುಕೊಂಡೆ. ಒಂದೊಂದು ಪಾರ್ಟ್ ನೋಡುವಾಗಲೂ ಮೊದಲು ಕೇಳಿದ್ದು ಇದು ಎಷ್ಟು ವ್ಯಾಟ್ ಎಳೆಯುತ್ತೆ ಅಂತ. ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಕೊಡುತ್ತೆ ಅನ್ನುವುದು ಎರಡನೇ ಪ್ರಶ್ನೆ.

ಯಾಕೆ ಅಂದರೆ ನಮ್ಮ ಮನೆ ಇರುವುದು ಬಳ್ಳಾರಿಯಲ್ಲಿ. ನನ್ನ ಕೋಣೆ ಮಹಡಿ ಮೇಲೆ, ಎಸಿ ಇಲ್ಲ. ಏಪ್ರಿಲ್ ಮಧ್ಯಾಹ್ನ ಹೊರಗೆ 40 ದಾಟಿದರೆ ಒಳಗೆ ಸುಲಭವಾಗಿ 37, 38 ಡಿಗ್ರಿ. ಯೂಟ್ಯೂಬಿನಲ್ಲಿ ಕಾರ್ಡುಗಳನ್ನು ಪರೀಕ್ಷೆ ಮಾಡುವವರು ಸಾಮಾನ್ಯವಾಗಿ 20, 22 ಡಿಗ್ರಿ ಇರುವ ತಂಪು ಕೋಣೆಯಲ್ಲಿ ಮಾಡುತ್ತಾರೆ. ಅಲ್ಲಿ 68 ಡಿಗ್ರಿ ತೋರಿಸುವ ಕಾರ್ಡ್ ನಮ್ಮ ಮನೆಯಲ್ಲಿ 84 ತೋರಿಸುತ್ತೆ. ಫ್ಯಾನ್ ಗಾಳಿ ಕೋಣೆಯ ಗಾಳಿಗಿಂತ ತಣ್ಣಗೆ ಇರಲು ಸಾಧ್ಯವಿಲ್ಲ ಅಲ್ವಾ? ಅದಕ್ಕೇ ಯಾವ ವಿಡಿಯೋ ನೋಡಿದರೂ ಅವರು ಹೇಳಿದ ಅಂಕಿಗೆ 16 ಕೂಡಿಸಿ ಬರೆದುಕೊಳ್ಳುತ್ತಿದ್ದೆ.

ಇನ್ನೊಂದು ವಿಷಯ. ಕಂಪ್ಯೂಟರ್ ತಿಂದ ಕರೆಂಟೆಲ್ಲ ಕೊನೆಗೆ ಕೋಣೆಯಲ್ಲಿ ಶಾಖವಾಗಿಯೇ ಉಳಿಯುತ್ತೆ. 300 ವ್ಯಾಟ್ ಎಳೆಯುವ ಕಂಪ್ಯೂಟರ್ ಅಂದರೆ ಹಳೇ ಕಾಲದ ನೂರು ಕ್ಯಾಂಡಲ್ ಬಲ್ಬ್ ಮೂರನ್ನು ಕಾಲ ಬಳಿ ಹಚ್ಚಿಟ್ಟ ಹಾಗೆ. ಪ್ರೊಸೆಸರ್ ಮೇಲೆ ದೊಡ್ಡ ಕೂಲರ್ ಕೂರಿಸಿದರೆ ಅದು ತಣ್ಣಗಾಗಬಹುದು. ಆದರೆ ಆ ಬಿಸಿ ಕ್ಯಾಬಿನೆಟ್ಟಿನಿಂದ ಹೊರಗೆ ಬಂದು ನಿಮ್ಮ ಮೈಗೇ ತಾಗುತ್ತೆ.

ಅಪ್ಪನಿಗೆ ಬೇರೆ ಚಿಂತೆ. ಆಗಸ್ಟ್ 2023ರಿಂದ ಗೃಹಜ್ಯೋತಿ ಬಿಲ್ ಬರತೊಡಗಿತ್ತು. ಹಿಂದಿನ ವರ್ಷದ ಸರಾಸರಿಗೆ ಶೇ. 10 ಸೇರಿಸಿ ನಮಗೆ ಸಿಕ್ಕಿದ್ದು ತಿಂಗಳಿಗೆ 123 ಯೂನಿಟ್. ದಾಟಿದರೆ ದಾಟಿದ್ದಕ್ಕೆ ದುಡ್ಡು ಕಟ್ಟಬೇಕು. "ಎಷ್ಟು ಕರೆಂಟ್ ತಿಂತೈತೋ ಇದು?" ಅಂತ ಕೇಳಿದರು. ಕೂತು ಲೆಕ್ಕ ಹಾಕಿ ತೋರಿಸಿದೆ. 250 ವ್ಯಾಟಿನ ಕಂಪ್ಯೂಟರ್ ನಾಲ್ಕು ಗಂಟೆ ಓಡಿದರೆ ಒಂದು ಯೂನಿಟ್. ನಾನು ಆಡುವುದು ದಿನಕ್ಕೆ ಎರಡು, ಮೂರು ಗಂಟೆ. ತಿಂಗಳಿಗೆ ಇಪ್ಪತ್ತರ ಆಸುಪಾಸು. ಅವರು "ನೋಡೋಣ" ಅಂದರು.

ಹೀಗಾಗಿ ಗ್ರಾಫಿಕ್ಸ್ ಕಾರ್ಡ್ ಆರಿಸುವುದಕ್ಕೇ ಒಂದು ತಿಂಗಳು ಹೋಯಿತು. ಮಾನಿಟರ್ 24 ಇಂಚು, 1080 ಪಿಕ್ಸೆಲ್, 165 ಹರ್ಟ್ಜ್ (ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವಂಥದ್ದು) ಅಂತ ಮೊದಲೇ ತೀರ್ಮಾನಿಸಿದ್ದೆ. ಆ ಪರದೆಗೆ ಸಾಲುವ ಕಾರ್ಡುಗಳಲ್ಲಿ ನನ್ನ ಕೈಗೆಟುಕುವವು ನಾಲ್ಕು ಉಳಿದವು. ಆರ್‌ಟಿಎಕ್ಸ್ 3060, 12 ಜಿಬಿ, 170 ವ್ಯಾಟ್. ಆರ್‌ಎಕ್ಸ್ 7600, 8 ಜಿಬಿ, 165 ವ್ಯಾಟ್. ಆರ್‌ಎಕ್ಸ್ 6700 ಎಕ್ಸ್‌ಟಿ, 12 ಜಿಬಿ, 230 ವ್ಯಾಟ್. ಆರ್‌ಟಿಎಕ್ಸ್ 4060, 8 ಜಿಬಿ, 115 ವ್ಯಾಟ್.

ಬರೀ ವೇಗ ನೋಡಿದರೆ 6700 ಎಕ್ಸ್‌ಟಿಯೇ ಮೇಲು. ಮೆಮೊರಿಯೂ ಜಾಸ್ತಿ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಇರುವವರು ಕೇಳಿದ್ದರೆ ಅದನ್ನೇ ತಗೊಳ್ಳಿ ಅನ್ನುತ್ತಿದ್ದೆ. ಆದರೆ ಅದು 4060ಕ್ಕಿಂತ ಸರಿಯಾಗಿ ಎರಡು ಪಟ್ಟು ಶಕ್ತಿ ಬೇಡುತ್ತೆ. ನನ್ನ ಕೋಣೆಗೆ, ನನ್ನ ಯುಪಿಎಸ್‌ಗೆ, ಅಪ್ಪನ 123 ಯೂನಿಟ್ಟಿಗೆ ಅದು ಭಾರ. 4060 ತೆಗೆದುಕೊಂಡೆ. 8 ಜಿಬಿ ಮೆಮೊರಿ ಅದರ ನಿಜವಾದ ಕೊರತೆ. ಹೊಸ ದೊಡ್ಡ ಗೇಮುಗಳಲ್ಲಿ ಟೆಕ್ಸ್ಚರನ್ನು (ಚಿತ್ರದ ಮೇಲ್ಮೈ ವಿವರ) ಅಲ್ಟ್ರಾ ಬಿಟ್ಟು ಹೈನಲ್ಲಿ ಇಡಬೇಕಾಗುತ್ತೆ. ಗೊತ್ತಿದ್ದೇ ತೆಗೆದುಕೊಂಡದ್ದು, ಆದರೂ ಕೆಲವು ಗೇಮುಗಳಲ್ಲಿ ಅದು ಈಗಲೂ ಚುಚ್ಚುತ್ತೆ.

ಪ್ರೊಸೆಸರ್ ವಿಷಯದಲ್ಲಿ ಹೆಸರಿನ ಕೊನೆಯ ಒಂದು ಅಕ್ಷರ ನೋಡಿ ಮೋಸ ಹೋಗಬಾರದು. ಎಎಂಡಿ ಕಂಪನಿಯ ರೈಜನ್ 5 7600 ಎಕ್ಸ್ ಅನ್ನುವುದು 105 ವ್ಯಾಟಿನದು, ಜೋರಾಗಿ ಓಡಿದಾಗ 142ರವರೆಗೆ ಎಳೆಯುತ್ತೆ. ಎಕ್ಸ್ ಇಲ್ಲದ 7600 ಬರೀ 65 ವ್ಯಾಟಿನದು, ಹೆಚ್ಚೆಂದರೆ 88. ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಗೇಮಿನಲ್ಲಿ ಎರಡರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಎಕ್ಸ್ ಇಲ್ಲದ್ದರ ಜೊತೆ ಡಬ್ಬಿಯಲ್ಲೇ ಕೂಲರ್ ಬರುತ್ತೆ. ಪುಟ್ಟ ಡಿಸ್‌ಪ್ಲೇ ಚಿಪ್ಪೂ ಒಳಗೇ ಇದೆ. ನಾಳೆ ಗ್ರಾಫಿಕ್ಸ್ ಕಾರ್ಡ್ ವಾರಂಟಿಗೆ ಹೋದರೂ ಪರದೆ ಬರುತ್ತೆ, ಕೆಲಸ ನಿಲ್ಲುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರುಗಳಿಗೆ ಈ ಅನುಕೂಲ ಇಲ್ಲ. ಊರಿಂದ ಬೆಂಗಳೂರಿಗೆ ಪಾರ್ಸೆಲ್ ಹೋಗಿ ಬರಲು ವಾರಗಟ್ಟಲೆ ಕಾಯುವ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ.

ಎಎಂ4 ಅನ್ನುವ ಹಳೆಯ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡಿನ ಮೇಲೆ ರೈಜನ್ 5 5600 ಹಾಕಿದ್ದರೆ ಹದಿನೈದು ಸಾವಿರದಷ್ಟು ಉಳಿಯುತ್ತಿತ್ತು. ತುಂಬಾ ಯೋಚಿಸಿದೆ. ಹೊಸಪೇಟೆಯ ನನ್ನ ಗೆಳೆಯ 2017ರಲ್ಲಿ ಕೊಂಡ ಬೋರ್ಡಿಗೇ ಬಯೋಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ 5600 ಹಾಕಿಕೊಂಡು ಆರಾಮಾಗಿ ಆಡುತ್ತಿದ್ದಾನೆ. ಅವನ ಬೋರ್ಡ್ ಅಷ್ಟು ವರ್ಷ ಬಾಳಿದ್ದು ನೋಡಿಯೇ ನನಗೆ ಹೊಸ ಎಎಂ5 ಕಡೆ ಮನಸ್ಸು ವಾಲಿತು. ಐದು ವರ್ಷದ ನಂತರ ಪ್ರೊಸೆಸರ್ ಒಂದನ್ನೇ ಬದಲಿಸಬಹುದು. ಬೋರ್ಡ್ ಬಿ650, ಚಿಕ್ಕ ಅಳತೆಯದು. ರ್‍ಯಾಮ್ 16 ಜಿಬಿಯ ಎರಡು ಕಡ್ಡಿ, 6000ರ ವೇಗ. 32ರ ಒಂದೇ ಕಡ್ಡಿ ಹಾಕಬೇಡಿ, ಎರಡು ಇದ್ದರೇ ಪೂರ್ತಿ ವೇಗ. ಎಸ್‌ಎಸ್‌ಡಿ 1 ಟಿಬಿ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಪವರ್ ಸಪ್ಲೈಗೆ ಬಂದಾಗ ಕೈ ಬಿಗಿ ಮಾಡಲಿಲ್ಲ. ಲೆಕ್ಕ ಹೀಗಿತ್ತು: ಪ್ರೊಸೆಸರ್ 88, ಕಾರ್ಡ್ 115, ಉಳಿದ ಬೋರ್ಡು, ಫ್ಯಾನು, ರ್‍ಯಾಮು ಎಲ್ಲ ಸೇರಿ 50. ಒಟ್ಟು 253. 4060ಕ್ಕೆ ಅದರ ಕಂಪನಿ ಎನ್ವಿಡಿಯಾ ಹೇಳುವುದು 550 ವ್ಯಾಟಿನ ಪವರ್ ಸಪ್ಲೈ. ನಾನು 650 ತೆಗೆದುಕೊಂಡೆ. ದಕ್ಷತೆಯಲ್ಲಿ ಬ್ರಾಂಜ್ ದರ್ಜೆ, ಐದು ವರ್ಷ ವಾರಂಟಿ. ಅಂಗಡಿಯಲ್ಲೇ ಡಬ್ಬಿ ತಿರುಗಿಸಿ ಸ್ಟಿಕ್ಕರ್ ಓದಿದೆ. 12 ವೋಲ್ಟಿಗೆ 54 ಆಂಪಿಯರ್. ಗುಣಿಸಿದರೆ 648. ಹೇಳಿದಷ್ಟೂ ಇದೆ. ಅರ್ಧಕ್ಕಿಂತ ಕಡಿಮೆ ಹೊರೆಯಲ್ಲಿ ಓಡುವುದರಿಂದ ಅದರ ಫ್ಯಾನ್ ತಿರುಗುವ ಸದ್ದೇ ಕೇಳಿಸುವುದಿಲ್ಲ.

ಅಂಗಡಿ ಅಂದೆನಲ್ಲ, ಅದು ಬೆಂಗಳೂರಿನ ಎಸ್‌ಪಿ ರೋಡು. 2024ರ ಜನವರಿಯ ಒಂದು ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ತಿಂಡಿ ತಿಂದು, ಟೌನ್‌ಹಾಲ್ ಕಡೆ ನಡೆದೆ. ಆನ್‌ಲೈನ್‌ನಲ್ಲಿ ನೋಡಿದ ದರಗಳನ್ನು ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ನಾಲ್ಕು ಅಂಗಡಿ ಸುತ್ತಿದೆ. ಒಂದು ಕಡೆ ಹುಡುಗ "ಸರ್, ಇನ್ನೊಂದು ಸಾವಿರ ಹಾಕಿ, 6700 ಎಕ್ಸ್‌ಟಿ ಕೊಡ್ತೀನಿ, 12 ಜಿಬಿ" ಅಂದ. ಆಸೆ ಆಯಿತು. ಹಾಳೆ ತೆಗೆದು 230 ಅನ್ನುವ ಅಂಕಿ ನೋಡಿ ಬೇಡ ಅಂದೆ. ಇನ್ನೊಂದು ಕಡೆ "ಬಿಲ್ ಬೇಡ ಅಂದ್ರೆ ಎರಡು ಸಾವಿರ ಕಮ್ಮಿ" ಅಂದರು. ಅಲ್ಲಿಂದ ಎದ್ದು ಬಂದೆ. ಶೇ. 18 ಜಿಎಸ್‌ಟಿ ಕಟ್ಟುವಾಗ ಹೊಟ್ಟೆ ಉರಿಯುತ್ತೆ, ನಿಜ. ಆದರೆ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಸಮೇತ ಬರೆಸಿಕೊಂಡರೆ ಮೂರು ವರ್ಷದ ವಾರಂಟಿಗೆ ಅದೇ ಆಧಾರ.

ಬೋರ್ಡನ್ನು ಅಲ್ಲೇ ಬಿಚ್ಚಿಸಿ ನೋಡಿದೆ. ಎಎಂ5ನಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲಿ ಇರುವುದಿಲ್ಲ, ಬೋರ್ಡಿನಲ್ಲಿ ಇರುತ್ತವೆ. ಕೂದಲೆಳೆಯಂಥ 1718 ಪಿನ್ನು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಸಾಲಾಗಿ ಮಿನುಗುತ್ತವೆ. ಒಂದು ಬಾಗಿದ್ದರೂ ಆ ಸಾಲಿನಲ್ಲಿ ಮಿನುಗು ತಪ್ಪುತ್ತೆ. ಅದರ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬೇಡಿ, ವಾರಂಟಿಗೆ ಕಳಿಸುವಾಗ ಬೇಕಾಗುತ್ತೆ.

ಕ್ಯಾಬಿನೆಟ್ ಆರಿಸುವಾಗ ಗಾಜು, ಬಣ್ಣದ ದೀಪ ಯಾವುದನ್ನೂ ನೋಡಲಿಲ್ಲ. ಮುಂದೆ ಪೂರ್ತಿ ಜಾಲರಿ ಇರಬೇಕು, ಜಾಲರಿಯ ಹಿಂದೆ ತೆಗೆದು ತೊಳೆಯಬಹುದಾದ ಫಿಲ್ಟರ್ ಇರಬೇಕು. ನಮ್ಮ ಕಡೆ ಧೂಳು ಅಂದರೆ ಗಣಿಯ ಕೆಂಪು ಧೂಳು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆ ಬೆರಳಿಟ್ಟರೆ ಗೆರೆ ಮೂಡುತ್ತೆ. ಮುಂದಿನಿಂದ ಒಳಗೆ ಎಳೆಯುವ ಫ್ಯಾನ್ ಮೂರು, ಹಿಂದಿನಿಂದ ಹೊರಗೆ ತಳ್ಳುವುದು ಒಂದು. ಒಳಗೆ ಬರುವ ಗಾಳಿ ಜಾಸ್ತಿ ಆದಾಗ ಅದು ಸಂದುಗಳಿಂದ ಹೊರಗೇ ನುಗ್ಗುತ್ತೆ, ಸಂದಿನಿಂದ ಧೂಳು ಒಳಗೆ ಬರುವುದಿಲ್ಲ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ಹಿಡಿಯುತ್ತೇನೆ. ನೀರು ಕೆಂಪಾಗಿ ಹರಿಯುತ್ತೆ. ಅಷ್ಟೂ ಕಾರ್ಡಿನ ಮೇಲೆ ಕೂರಬೇಕಾಗಿದ್ದ ಮಣ್ಣು.

ಡಬ್ಬಿಯ ಜೊತೆ ಬಂದ ಕೂಲರ್ ಚಳಿಗಾಲಕ್ಕೆ ಸಾಕು. ಬೇಸಿಗೆಗೆ ಅಂತ ಎರಡೂವರೆ ಸಾವಿರದ ಟವರ್ ಕೂಲರ್ ಹಾಕಿದೆ. ನೀರಿನ ಕೂಲರ್ 88 ವ್ಯಾಟಿಗೆ ಬೇಕೇ ಇಲ್ಲ.

ಭಾನುವಾರ ಊರಲ್ಲಿ ಜೋಡಿಸಿದೆ. ರ್‍ಯಾಮ್ ಕಡ್ಡಿಗಳನ್ನು ಪ್ರೊಸೆಸರಿನಿಂದ ಎಣಿಸಿ ಎರಡನೇ, ನಾಲ್ಕನೇ ಜಾಗಕ್ಕೆ ಹಾಕಿದೆ. ಬಟನ್ ಒತ್ತಿದೆ. ಫ್ಯಾನ್ ತಿರುಗಿದವು, ಪರದೆ ಕಪ್ಪು. ಬೋರ್ಡಿನ ಮೂಲೆಯಲ್ಲಿ ಡಿರ್‍ಯಾಮ್ ಅಂತ ಬರೆದ ಕಡೆ ಪುಟ್ಟ ಹಳದಿ ದೀಪ. ಒಂದು ನಿಮಿಷ, ಎರಡು ನಿಮಿಷ. ಎದೆ ಹೊಡೆದುಕೊಳ್ಳತೊಡಗಿತು. ಆಫ್ ಮಾಡಲು ಕೈ ಹೋಯಿತು, ತಡೆದೆ. ಎಎಂ5 ಬೋರ್ಡ್ ಮೊದಲ ಸಲ ಹೊಸ ರ್‍ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತೆ ಅಂತ ಓದಿದ್ದು ನೆನಪಿತ್ತು. ನಾಲ್ಕನೇ ನಿಮಿಷಕ್ಕೆ ದೀಪ ಆರಿತು, ಪರದೆ ಬೆಳಗಿತು. ಇದು ಗೊತ್ತಿಲ್ಲದೆ ಎಷ್ಟೋ ಜನ ಎಲ್ಲ ಬಿಚ್ಚಿ ಮತ್ತೆ ಜೋಡಿಸುತ್ತಾರೆ. ಸುಮ್ನೆ ಕೂತು ಕಾಯಿರಿ. ಆಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಪೋ ಆನ್ ಮಾಡಿ. ಇಲ್ಲದಿದ್ದರೆ 6000ದ ರ್‍ಯಾಮ್ 4800ರಲ್ಲೇ ಓಡುತ್ತಿರುತ್ತೆ. ವಿಂಡೋಸ್‌ನಲ್ಲಿ ಮಾನಿಟರ್ 60 ಹರ್ಟ್ಜ್‌ನಲ್ಲೇ ನಿಂತಿದೆಯಾ ಅಂತಲೂ ನೋಡಿಕೊಳ್ಳಿ.

ಯುಪಿಎಸ್ ಬಳ್ಳಾರಿಯಲ್ಲೇ ಕೊಂಡೆ. 600 ವಿಎ ಅಂತ ಬರೆದದ್ದರಲ್ಲಿ ಸಿಗುವುದು 360 ವ್ಯಾಟ್ ಮಾತ್ರ, ಅದು ತೀರಾ ಅಂಚು. 1100 ವಿಎ, 660 ವ್ಯಾಟಿನದು ತಂದೆ. ಗೇಮ್ ಓಡುತ್ತಿರುವಾಗಲೇ ಗೋಡೆಯ ಪ್ಲಗ್ ಕಿತ್ತು ನೋಡಿದೆ. ಟಕ್ ಅಂತ ಸದ್ದು ಬಂತು, ಪರದೆ ಮಿಸುಕಲಿಲ್ಲ. ಎಲ್ಲ ಯುಪಿಎಸ್, ಎಲ್ಲ ಪವರ್ ಸಪ್ಲೈ ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಅಂತೇನಿಲ್ಲ. ಅದಕ್ಕೇ ಕೊಂಡ ವಾರದಲ್ಲೇ ಈ ಪರೀಕ್ಷೆ ಮಾಡಿಬಿಡಿ, ಬದಲಿಸಿಕೊಳ್ಳಲು ಅವಕಾಶ ಇರುತ್ತೆ.

ಏಪ್ರಿಲ್ ಬಂತು. ಮಧ್ಯಾಹ್ನ ಮೂರು ಗಂಟೆ, ಕೋಣೆಯಲ್ಲಿ 38 ಡಿಗ್ರಿ. 165 ಫ್ರೇಮಿಗೆ ಬಿಟ್ಟರೆ ಕಾರ್ಡ್ 80 ದಾಟುತ್ತಿತ್ತು. ಕಾರ್ಡಿನ ಡ್ರೈವರ್ ಸಾಫ್ಟ್‌ವೇರಿನಲ್ಲಿ ಗರಿಷ್ಠ 90 ಫ್ರೇಮ್ ಅಂತ ಕಟ್ಟು ಹಾಕಿದೆ. ಕಾರ್ಡ್ ಎಳೆಯುವುದು 115ರಿಂದ 75 ವ್ಯಾಟಿಗೆ ಇಳಿಯಿತು, ಬಿಸಿ 72ಕ್ಕೆ ನಿಂತಿತು. ರಾತ್ರಿ ಹತ್ತರ ಮೇಲೆ ಕಟ್ಟು ಬಿಚ್ಚುತ್ತೇನೆ. ಅದೇ ವಾರ ಕರೆಂಟ್ ಮೂರು ಸಲ ಹೋಗಿ ಬಂತು, ಹಳೆಯ ಕಂಪ್ಯೂಟರಿನ ದಿನದಂತೆಯೇ. ಯುಪಿಎಸ್ ಕೂಗಿತು. ಸೇವ್ ಮಾಡಿ, ಆಫ್ ಮಾಡಿ, ಕೆಳಗೆ ಹೋಗಿ ನೀರು ಕುಡಿದೆ.

ಆ ತಿಂಗಳ ಬಿಲ್ಲಿನಲ್ಲಿ 131 ಯೂನಿಟ್ ಇತ್ತು. ಅಪ್ಪ ಚೀಟಿಯನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟು, "ಈ ಎಂಟು ನಿಂದು" ಅಂದರು. ಕಟ್ಟಿದೆ.